ಚೀಲದ ಸಾರಜನಕ, ಹಾಲವಾಣದ ಸಾರಜನಕ

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೂ ಕಾಫಿ, ಅಡಿಕೆ ಗಿಡಗಳು ಅದನ್ನು ನೇರವಾಗಿ ಹೀರಲಾರವು. ಕಾರ್ಖಾನೆಗಳು ಅದಕ್ಕೆ ಜಲಜನಕ ಕೂಡಿಸಿ ಅಮೋನಿಯಾ ಮಾಡಿ, ಅದರಿಂದ ಯೂರಿಯಾ ತಯಾರಿಸುತ್ತವೆ. ಜರ್ಮನಿಯಲ್ಲಿ 1913ರಲ್ಲಿ ಈ ಬಗೆಯ ಅಮೋನಿಯಾ ಉದ್ಯಮ ಮೊದಲಾಯಿತು. ಗಾಳಿ ಪುಕ್ಕಟೆ, ಜಲಜನಕ ಮಾತ್ರ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರಬೇಕು. ಆ ಅನಿಲದ ದೊಡ್ಡ ಪಾಲು ನಮ್ಮ ದೇಶಕ್ಕೆ ಹೊರಗಿನದು.

ಹಾಲವಾಣದ ಬೇರುಗಂಟುಗಳ ಸೂಕ್ಷ್ಮಜೀವಿಗಳು ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಬೇಕಾದ ಶಕ್ತಿಯನ್ನು ಮರವೇ ಸಕ್ಕರೆಯಾಗಿ ಕೊಡುತ್ತದೆ. ಸಿಲ್ವರ್ ಓಕ್‌ಗೆ ಆ ಗಂಟುಗಳಿಲ್ಲ. ಮರದ ಬೆಲೆಯ ಆಸೆಗೆ ಹಾಲವಾಣ ಕಡಿದು ಸಿಲ್ವರ್ ನೆಟ್ಟವರು ನಾವೇ. ಈಗ ಚೀಲಕ್ಕೆ ಕಾಯುವವರೂ ನಾವೇ.

ಚೀಲ ಬೇಡವೆನ್ನುತ್ತಿಲ್ಲ. ಆದರೆ ಸದಸ್ಯ ಬಾಂಧವರು ಈ ಮುಂಗಾರಿಗೆ ನೆರಳು ತೆಳುವಾದಲ್ಲಿ ಹಾಲವಾಣದ ಕೊಂಬೆ ಊರಲಿ, ಮರಗಸಿ ಮಾಡಿದ ಸೊಪ್ಪನ್ನು ಗಿಡದ ಬುಡಕ್ಕೇ ಹಾಕಲಿ.