ಹಳೆಯ ಫೈಬರ್ ದೋಣಿಯ ಹಿಂಬದಿ ಗೋಡೆ ಮತ್ತು ನೆಲಹಾಸಿನ ದುರಸ್ತಿ: ಅರ್ಜಿದಾರರಿಗೆ ಮಾಹಿತಿ

ಎಂಜಿನ್ ಚಾಲಿತ ದೋಣಿಯನ್ನು ಕೆರೆ, ನದಿ ಮುಂತಾದ ಒಳನಾಡು ಜಲಪ್ರದೇಶಗಳಲ್ಲಿ ಬಳಸಲು 2021ರ ಒಳನಾಡು ನೌಕೆಗಳ ಅಧಿನಿಯಮದನ್ವಯ ಸಾಮಾನ್ಯವಾಗಿ ಸಮೀಕ್ಷೆ ಮತ್ತು ನೋಂದಣಿ ಅವಶ್ಯವಿರುತ್ತದೆ. ಕೆರೆಯ ಉಸ್ತುವಾರಿ ಹೊಂದಿರುವ ಪ್ರಾಧಿಕಾರದ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ಅರೆಕೆರೆಯಂತಹ, ಕಡಲಿನಿಂದ ದೂರವಿರುವ ಬಡಾವಣೆಗಳ ನಿವಾಸಿಗಳು ಮಂಗಳೂರು, ಮಲ್ಪೆ ಕಡೆಯಿಂದ ಹಳೆಯ ದೋಣಿಯನ್ನು ಖರೀದಿಸುವಾಗ ಹೊರಗಿನ ಬಣ್ಣವನ್ನಷ್ಟೇ ನೋಡಿದರೆ ಸಾಲದು.

ಫೈಬರ್ ಕೊಳೆಯುವುದಿಲ್ಲ, ಅದರೊಳಗಿನ ಮರ ಕೊಳೆಯುತ್ತದೆ. ಔಟ್‌ಬೋರ್ಡ್ ಎಂಜಿನ್ನಿನ ಪೂರ್ಣ ಭಾರ ಹಾಗೂ ಎಳೆತವನ್ನು ಹೊರುವುದು ಟ್ರಾನ್ಸಮ್ ಎಂದು ಕರೆಯಲಾಗುವ ಹಿಂಬದಿ ಗೋಡೆ. ಹಳೆಯ ದೋಣಿಗಳಲ್ಲಿ ಇದು ಸಾಮಾನ್ಯವಾಗಿ ಎರಡು ಫೈಬರ್ ಪದರಗಳ ನಡುವೆ ಇರಿಸಿದ ಪ್ಲೈವುಡ್ ಆಗಿರುತ್ತದೆ. ಬೋಲ್ಟ್ ರಂಧ್ರಗಳ ಮೂಲಕ ವರ್ಷಾನುಗಟ್ಟಲೆ ಇಳಿದ ನೀರು ಮರವನ್ನು ಮೆತ್ತಗಾಗಿಸುತ್ತದೆ. ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬಂದಲ್ಲಿ, ಅಥವಾ ಎಂಜಿನ್ನಿನ ಕೆಳಭಾಗವನ್ನು ಎತ್ತಿ ಅದುಮಿದಾಗ ಗೋಡೆ ಬಾಗಿದಲ್ಲಿ ಒಳಗಿನ ಮರ ಹಾಳಾಗಿರುವ ಸಂಭವವಿದೆ. ಒಳಬದಿಯಿಂದ ಸಣ್ಣ ರಂಧ್ರ ಕೊರೆದಾಗ ಕಪ್ಪಾದ ಒದ್ದೆ ಪುಡಿ ಬಂದರೆ ಸಂಶಯಕ್ಕೆ ಎಡೆಯಿಲ್ಲ. ಅಂತಹ ಗೋಡೆಗೆ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕಟ್ಟುವುದು ಪ್ರಾಣಾಪಾಯಕ್ಕೆ ಆಹ್ವಾನ.

ಕಾಲಿಟ್ಟಾಗ ಕುಸಿಯುವ ನೆಲಹಾಸಿನ ಮೇಲೆ ಮತ್ತೊಂದು ಹಲಗೆ ಹೊಡೆಯುವುದು ರೂಢಿಯಲ್ಲಿದೆ. ಇದು ಹಣದ ವ್ಯಯವೇ ಹೊರತು ದುರಸ್ತಿಯಲ್ಲ. ನೆಲಹಾಸನ್ನು ತೆಗೆದು ಕೆಳಗಿನ ಉದ್ದ ತೊಲೆಗಳನ್ನು ಪರಿಶೀಲಿಸತಕ್ಕದ್ದು. ನೀರು ಕುಡಿದ ಫೋಮ್ ಬಿಸಿಲಿಗೆ ಸುಲಭವಾಗಿ ಒಣಗುವುದಿಲ್ಲವಾದ್ದರಿಂದ ಅದನ್ನು ಕಿತ್ತು ಹೊಸದನ್ನು ತುಂಬುವುದು ಸೂಕ್ತ.

ಟ್ರಾನ್ಸಮ್ ದುರಸ್ತಿಗೆ ಎಂಜಿನ್ ಇಳಿಸಿ, ಒಳಪದರವನ್ನು ಮಾತ್ರ ಕತ್ತರಿಸಿ, ಕೊಳೆತ ಮರವನ್ನು ಪೂರ್ಣವಾಗಿ ಕೆತ್ತಿ ತೆಗೆಯಬೇಕು. ಹೊರಪದರವನ್ನು ಚೆನ್ನಾಗಿ ಉಜ್ಜಿ ಒಣಗಿಸಿದ ಬಳಿಕ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಅನ್ನು, ಅಂಚುಗಳಿಗೂ ರೆಸಿನ್ ಬಳಿದು, ಅಂಟಿಸಿ ಬಿಗಿಯಬೇಕು. ಗಾಜಿನ ನಾರಿನ ಹೊಸ ಪದರಗಳು ದೋಣಿಯ ಪಕ್ಕೆ ಮತ್ತು ತಳದ ಮೇಲೂ ಹರಡಿಕೊಂಡಿರಬೇಕು. ಇಲ್ಲವಾದಲ್ಲಿ ಭಾರವೆಲ್ಲ ಒಂದೇ ಅಂಚಿನ ಮೇಲೆ ಬೀಳುತ್ತದೆ. ಹಳೆಯ ಫೈಬರಿಗೆ ಎಪಾಕ್ಸಿ ರೆಸಿನ್ ಪಾಲಿಯೆಸ್ಟರ್‌ಗಿಂತ ಬಲವಾಗಿ ಅಂಟುತ್ತದೆ, ಆದರೆ ದುಬಾರಿ. ಬೋಲ್ಟ್ ರಂಧ್ರಗಳನ್ನು ಮೊದಲು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿಯಿಂದ ತುಂಬಿ, ನಂತರ ಅಳತೆಗೆ ತಕ್ಕಂತೆ ಕೊರೆದಲ್ಲಿ ನೀರು ಮರವನ್ನು ಮುಟ್ಟುವುದಿಲ್ಲ.

ಪಾಲಿಯೆಸ್ಟರ್ ಬಳಸುವವರು ವಿಶೇಷವಾಗಿ ಗಮನಿಸತಕ್ಕದ್ದು: ಕೋಬಾಲ್ಟ್ ವೇಗವರ್ಧಕ ಮತ್ತು ಪೆರಾಕ್ಸೈಡ್ ಗಟ್ಟಿಕಾರಕಗಳನ್ನು ನೇರವಾಗಿ ಬೆರೆಸಿದರೆ ಸ್ಫೋಟ ಸಂಭವಿಸಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ಣ ಕಲಸಿದ ನಂತರವೇ ಇನ್ನೊಂದನ್ನು ಸೇರಿಸಬೇಕು. ಕನ್ನಡಕ, ಕೈಗವಸು ಹಾಗೂ ಮುಖಗವಸು ಧರಿಸುವುದು ಅವಶ್ಯ.

ಮಳೆಗಾಲದ ತೇವದಲ್ಲಿ ಮರ ಒಣಗುವುದು ಕಷ್ಟ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಅನುಕೂಲಕರ. ಬಣ್ಣ ಬಳಿದ ನಂತರ ಒಳಗಿನ ಕೆಲಸ ಕಾಣುವುದಿಲ್ಲವಾದ್ದರಿಂದ, ಪ್ರತಿ ಹಂತದ ಛಾಯಾಚಿತ್ರ ಮತ್ತು ಸಾಮಗ್ರಿಗಳ ರಸೀದಿಗಳನ್ನು ಸಮೀಕ್ಷೆಯ ದಿನಕ್ಕಾಗಿ ಕಾದಿರಿಸಿಕೊಳ್ಳುವುದು ಅರ್ಜಿದಾರರಿಗೇ ಒಳಿತು.