ನೀರು ಕೊಟ್ಟ ಊರಿಗೆ ನೋಟ್ ಪುಸ್ತಕ

ಜೂನ್ ತಿಂಗಳು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆಯ ಸಂಭ್ರಮ. ಸಮಾಜದ ಮಕ್ಕಳಿಗೆ ಹಂಚಿದ ಮೇಲೆ ಕೆಲವು ಸಂಘಗಳ ಯುವ ವಿಭಾಗ, ಮಹಿಳಾ ವಿಭಾಗದವರು ಬಸ್ಸು ಮಾಡಿಕೊಂಡು ಶಹಾಪುರ, ಮುರ್ಬಾಡ್ ಕಡೆಯ ಆದಿವಾಸಿ ಪಾಡಾಗಳಿಗೂ ಹೋಗಿ ಬರುವುದುಂಟು. ಶ್ಲಾಘನೀಯ ಕಾರ್ಯವೇ ಸರಿ. ಆದರೆ ಅಲ್ಲಿ ನಡೆಯುವ ಕಾರ್ಯಕ್ರಮದ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಶಾಲೆಯ ಪಡಸಾಲೆಯಲ್ಲಿ ಬ್ಯಾನರ್, ಅತಿಥಿಗಳಿಗೆ ಶಾಲು, ಸಾಲಾಗಿ ನಿಂತ ಮಕ್ಕಳು, ಫೋಟೋ. ಕೊನೆಗೆ ಮಾಸ್ತರರು ಹೇಳಿಕೊಟ್ಟಂತೆ ಮಕ್ಕಳೆಲ್ಲ ಒಂದೇ ಸ್ವರದಲ್ಲಿ ಧನ್ಯವಾದ ಹೇಳುತ್ತಾರೆ. ಧನ್ಯವಾದವನ್ನು ಯಾರು ಯಾರಿಗೆ ಹೇಳಬೇಕು ಎಂಬುದು ಮಾತ್ರ ಸ್ವಲ್ಪ ಯೋಚಿಸಬೇಕಾದ ವಿಷಯ.

ಥಾಣೆಯ ನಲ್ಲಿಯಲ್ಲಿ ಬರುವ ನೀರಿನ ಬಹುಪಾಲು ಭಾತ್ಸಾ ನದಿಯದು. ಅಣೆಕಟ್ಟು ಇರುವುದು ಇದೇ ಶಹಾಪುರ ತಾಲೂಕಿನಲ್ಲಿ. ಮುಂಬಯಿಗೆ ನೀರುಣಿಸುವ ಏಳು ಕೆರೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅದರದ್ದೇ. ತಾನ್ಸಾ ಅಣೆಕಟ್ಟು ಕಟ್ಟಿದ್ದು 1892ರಲ್ಲಿ, ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಕಾಡಿನ ನೀರು ಕೊಳವೆಯಲ್ಲಿ ಪೇಟೆಗೆ ಇಳಿಯುತ್ತಿದೆ. ಡೊಂಬಿವಲಿ ಎಂಐಡಿಸಿಗೆ ಬಾರ್ವಿ ಅಣೆಕಟ್ಟಿನ ನೀರು. ಅಣೆಕಟ್ಟನ್ನು ಎತ್ತರಿಸಿದಾಗ ಮನೆ-ಹೊಲ ಬಿಟ್ಟುಕೊಟ್ಟವರು ಮುರ್ಬಾಡ್ ಕಡೆಯ ಹಳ್ಳಿಯವರು. ಬೇಸಿಗೆಯಲ್ಲಿ ಶಹಾಪುರದ ಹೆಂಗಸರು ತಲೆಯ ಮೇಲೆ ಎರಡು ಮೂರು ಕೊಡ ಪೇರಿಸಿಕೊಂಡು ಟ್ಯಾಂಕರ್ ಕಾಯುವ ಚಿತ್ರ ವರ್ಷ ವರ್ಷವೂ ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಜಮಾ-ಖರ್ಚು ಬರೆದರೆ ಒಂದು ಡಜನ್ ನೋಟ್ ಪುಸ್ತಕ ಯಾವ ಕಡೆಗೆ ಬರುತ್ತದೆ ಎಂಬುದನ್ನು ಓದುಗ ಬಂಧುಗಳೇ ನೋಡಬಹುದು.

ನವಿಮುಂಬಯಿಯವರಿಗೆ ಮೋರ್ಬೆ ಅಣೆಕಟ್ಟಿನ ನೀರು. ಅದರ ಮೇಲಿನ ಬೆಟ್ಟದ ಇಳಿಜಾರಿನಲ್ಲಿ ಠಾಕರ್ ಆದಿವಾಸಿಗಳ ಇರ್ಶಾಲವಾಡಿ ಇತ್ತು. 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿದು ವಾಡಿಯೇ ಮಣ್ಣುಪಾಲಾಯಿತು. 27 ಶವಗಳು ಸಿಕ್ಕಿದವು, 57 ಮಂದಿ ಸಿಗಲೇ ಇಲ್ಲ. ಮೇಲಕ್ಕೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ಚಾರಣ ತಂಡಗಳ ತರುಣರು ಜಡಿ ಮಳೆಯಲ್ಲಿ ಗುದ್ದಲಿ, ಸಲಿಕೆ ಹೊತ್ತು ಕೆಸರಿನ ಕಾಲುದಾರಿ ಹತ್ತಿದರು. ರಕ್ಷಣಾ ಕಾರ್ಯಕ್ಕೆಂದು ಬೆಟ್ಟ ಏರುತ್ತಿದ್ದ ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಯಾರ ಮನೆಯ ಮೇಲಿಂದ ಹರಿದ ನೀರನ್ನು ಕುಡಿಯುತ್ತಿದ್ದೇವೆ ಎಂಬುದು ಬಹಳ ಜನರಿಗೆ ತಿಳಿದದ್ದು ಆ ವಾರವೇ.

ಸೇವೆಗೆಂದು ಹೋದವರು ತಾವೇ ಋಣಿಗಳಾಗಿ ಉಳಿದ ಹಳೆಯ ಉದಾಹರಣೆಯೊಂದು ಇದೇ ಹಿಂದಿನ ಥಾಣೆ ಜಿಲ್ಲೆಯಲ್ಲಿದೆ. 1945ರಲ್ಲಿ ಬೋರಿವಲಿಯಲ್ಲಿ ನಡೆದ ಕಸ್ತೂರಬಾ ಟ್ರಸ್ಟಿನ ಗ್ರಾಮಸೇವಾ ಶಿಬಿರದಲ್ಲಿ ಅನುತಾಯಿ ವಾಘ್ ಎಂಬ ಶಿಕ್ಷಕಿಗೆ ತಾರಾಬಾಯಿ ಮೋಡಕ್ ಅವರ ಪರಿಚಯವಾಯಿತು. ತಾರಾಬಾಯಿಯವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ದುಡಿದು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿ ಹೆಸರಾದವರು. ಅನುತಾಯಿಯವರದು ಬೇರೆಯದೇ ಕತೆ. ಬಾಲ್ಯದಲ್ಲೇ ಮದುವೆ, 13ನೇ ವಯಸ್ಸಿನಲ್ಲಿ ವೈಧವ್ಯ. ಪುಣೆಯಲ್ಲಿ ಹಗಲು ಪಾಠ ಹೇಳಿ, ತಾವೇ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರು. ಹೋಟೆಲಿನಲ್ಲಿ ದುಡಿಯುತ್ತ ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹಗಲು ದುಡಿದು ದಣಿದವರೂ ಪಾಠ ಹೇಳಿದ್ದರಿಂದಲೇ ಅನೇಕರ ಕೈಗೆ ಸರ್ಟಿಫಿಕೇಟು ಬಂದದ್ದು.

ಇಬ್ಬರೂ ಡಹಾಣೂ ಸಮೀಪದ ಬೋರ್ಡಿಯಲ್ಲಿ ಬಾಲವಾಡಿ ತೆರೆದರು. ಪೇಟೆಯಲ್ಲಿ ಕಲಿತ ಮಾಂಟೆಸರಿ ಪದ್ಧತಿ, ಆದರೆ ಅದರ ದುಬಾರಿ ಸಲಕರಣೆ ಅಲ್ಲಿಗೆಲ್ಲಿ ಬರಬೇಕು? ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಬೀಜಗಳೇ ಪಾಠದ ಸಾಮಾನುಗಳಾದವು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬಾರದಿದ್ದರೆ ಬಿಡಲಿ ಎನ್ನದೆ ಬಾಲವಾಡಿಯೇ ಅವರ ಮನೆಯಂಗಳಕ್ಕೆ ಹೋಯಿತು. ಮೊದಲು ಮಕ್ಕಳನ್ನು ಮೀಯಿಸಿ, ತಲೆ ಬಾಚಿ, ಆಮೇಲೆ ಹಾಡು, ಆಟ. ಅಂಗಳದ ಈ ಶಾಲೆಗೆ ಬಿದ್ದ ಹೆಸರು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಕೇಂದ್ರಗಳಿಗೂ ಅದೇ ಹೆಸರು ಬಂತು. ಇಂದು ನಮ್ಮ ಕುಂದಾಪುರ, ಪುತ್ತೂರಿನ ಹಳ್ಳಿಗಳಲ್ಲೂ ಅಜ್ಜಿಯಂದಿರ ಬಾಯಲ್ಲಿ ಓಡಾಡುವ ಆ ಪದದ ಮೂಲ ಇಲ್ಲಿ, ಪಶ್ಚಿಮ ರೈಲ್ವೆ ಲೈನಿನ ತುದಿಯಲ್ಲಿದೆ ಎಂದರೆ ಅಚ್ಚರಿಯಾಗಬಹುದು.

1950ರ ದಶಕದ ಉತ್ತರಾರ್ಧದಲ್ಲಿ ಕೆಲಸ ಕೋಸ್ಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸಾಗಿತು. ಅಲ್ಲಿ ಮಕ್ಕಳು ದನ ಮೇಯಿಸಬೇಕು, ದೊಡ್ಡವರು ದುಡಿಯಲು ಹೋದರೆ ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕು. ಹಾಗಾಗಿ ದನ ಮೇಯುವಲ್ಲೇ ಕುರಣ್ ಶಾಲೆ. ಕೂಸುಗಳಿಗೆ ತೊಟ್ಟಿಲಮನೆ, ನಡುವಿನವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ ಒಂದೇ ಕಡೆ ಇರುವ ವಿಕಾಸವಾಡಿ. ಈ ಒಂದೊಂದು ಏರ್ಪಾಡನ್ನೂ ಅವರಿಗೆ ಕಲಿಸಿದ್ದು ಆ ಮಕ್ಕಳೇ, ಶಾಲೆಗೆ ಬಾರದೆ ಇದ್ದು ಕಲಿಸಿದರು. ತಾರಾಬಾಯಿ 1973ರಲ್ಲಿ ತೀರಿಕೊಂಡ ಮೇಲೂ ಅನುತಾಯಿ ಗುಡ್ಡ ಇಳಿಯಲಿಲ್ಲ. 1985ರಲ್ಲಿ ಪದ್ಮಶ್ರೀ ಬಂತು, 1992ರಲ್ಲಿ ಅವರು ನಿಧನರಾದರು. ವರ್ಷಕ್ಕೊಂದು ಭಾನುವಾರದ ಸೇವೆಯನ್ನು ಇದರ ಪಕ್ಕ ಇಡುವುದು ಅನ್ಯಾಯವೇ ಇರಬಹುದು, ಆದರೂ ಒಮ್ಮೆ ಇಟ್ಟು ನೋಡಬೇಕು. ಕೋಸ್ಬಾಡ್ 2014ರಿಂದ ಪಾಲ್ಘರ್ ಜಿಲ್ಲೆಗೆ ಸೇರಿದೆ.

ಅದೇ 1945ರಲ್ಲಿ, ಅದೇ ಸೀಮೆಯಲ್ಲಿ ಗೋದಾವರಿ ಪರುಳೇಕರ್ ಅವರು ವಾರ್ಲಿಗಳನ್ನು ಬಿಟ್ಟಿ ಚಾಕರಿಯ ವಿರುದ್ಧ ಸಂಘಟಿಸಿದರು. ಮದುವೆಗೆಂದು ಸಾಹುಕಾರನಿಂದ ಕೈಸಾಲ ತಂದವನು ಹೆಂಡತಿ ಸಮೇತ ವರ್ಷಗಟ್ಟಲೆ ಅವನ ಜಮೀನಿನಲ್ಲಿ ಜೀತ ಮಾಡಬೇಕಿತ್ತು. ಅಂಥವನಿಗೆ ಲಗ್ನಗಡಿ ಎಂದೇ ಹೆಸರು. ಆ ಪದ್ಧತಿ ಹೋಯಿತು. ಆದರೆ ಕಾತಕರಿ ಆದಿವಾಸಿಗಳ ಅನೇಕ ಕುಟುಂಬಗಳು ಇಂದಿಗೂ ಮಳೆಗಾಲದ ಕೈಖಾಲಿ ದಿನಗಳಲ್ಲಿ ಮುಂಗಡ ಪಡೆದು, ಅದನ್ನು ತೀರಿಸಲು ಭಿವಂಡಿ, ಕಲ್ಯಾಣ್ ಸುತ್ತಲಿನ ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುತ್ತವೆ. ನಮ್ಮ ಹೊಸ ಹೊಸ ಟವರುಗಳ ಗೋಡೆಗೆ ಹೋಗುವ ಇಟ್ಟಿಗೆಯಲ್ಲಿ ಅವರು ತಟ್ಟಿದ್ದೂ ಇದೆ.

ನೋಟ್ ಪುಸ್ತಕದ ಲೆಕ್ಕ ತಪ್ಪುವುದು ಇಲ್ಲಿಯೇ. ಜೂನ್‌ನಲ್ಲಿ ಪುಸ್ತಕ ಪಡೆದ ಮಗು ದೀಪಾವಳಿ ಕಳೆಯುತ್ತಲೇ ತಂದೆ-ತಾಯಿಯ ಜತೆ ಭಟ್ಟಿಗೆ ಹೊರಡುತ್ತದೆ, ಮರಳುವುದು ಮುಂದಿನ ಮಳೆಯ ಹೊತ್ತಿಗೆ. ಅರ್ಧ ಪುಸ್ತಕ ಖಾಲಿಯೇ ಉಳಿಯುತ್ತದೆ. ಹೋಗುವ ಮುನ್ನ ಶಾಲೆಯ ಮಾಸ್ತರರನ್ನು ವಿಚಾರಿಸಿದರೆ ಇದನ್ನೆಲ್ಲ ಅವರೇ ಹೇಳುತ್ತಾರೆ. ಕೆಲವೆಡೆ ಪುಸ್ತಕಕ್ಕಿಂತ ನೀರಿನ ಟಾಕಿ ಅಗತ್ಯ, ಕೆಲವೆಡೆ ಊರಲ್ಲೇ ಅಜ್ಜಿಯ ಬಳಿ ಉಳಿಯುವ ಮಗುವಿಗೆ ಆರು ತಿಂಗಳ ಅಕ್ಕಿ-ಬೇಳೆ. ಇದಕ್ಕೆ ಬ್ಯಾನರ್ ಕಟ್ಟಲು ಜಾಗ ಸಿಗಲಿಕ್ಕಿಲ್ಲ ಎಂಬುದು ಬೇರೆ ಮಾತು.

ಶಹಾಪುರಕ್ಕೆ ಹೋಗುವವರು ಕಸಾರಾ ಲೋಕಲ್‌ನಲ್ಲಿ ಆಸನಗಾಂವ್‌ನಲ್ಲಿ ಇಳಿಯಬೇಕು. ಜನವರಿಯಲ್ಲಾದರೆ ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಆ ಮಕ್ಕಳಲ್ಲಿ ಹಲವರು ಆಗ ಕಲ್ಯಾಣಿನ ಆಚೆಯ ಭಟ್ಟಿಗಳ ಬಳಿಯೇ ಇರುತ್ತಾರೆ.