ನಾಗರಬಾವಿ: ಸ್ಟಾಕ್ ಇದ್ರೂ ಆನ್‌ಲೈನ್ ಗಿರಾಕಿಗೆ ಸೀರೆ ಯಾಕೆ ಕಾಣಲ್ಲ? ಇಲ್ಲಿದೆ ಫಿಲ್ಟರ್ ಲೆಕ್ಕ

ನಾಗರಬಾವಿ: ಬಿಡಿಎ ಕಾಂಪ್ಲೆಕ್ಸ್ ಸುತ್ತಮುತ್ತಲಿನ ಬಟ್ಟೆ ಅಂಗಡಿಗೆ ಹೋಗಿ "ಇಳಕಲ್ ಸೀರೆ, ಕಾಟನ್ದು, ಕೆಂಪು ಇಲ್ಲ ಹಸಿರು, ಎರಡು ಸಾವಿರದೊಳಗೆ ತೋರ್ಸಿ" ಅಂದ್ರೆ ಅಂಗಡಿಯವರು ಅಷ್ಟನ್ನೇ ತೆಗೆದು ಹಾಸುತ್ತಾರೆ. ವೆಬ್‌ಸೈಟ್‌ನಲ್ಲಿ ಈ ಕೆಲಸ ಮಾಡುವುದು ಫಿಲ್ಟರ್.

ಲೆಕ್ಕ ಸುಲಭ. ಒಂದೇ ಗುಂಪಿನಲ್ಲಿ ಎರಡು ಟಿಕ್ ಹಾಕಿದರೆ 'ಅಥವಾ': ಕೆಂಪು ಸೀರೆನೂ ಬರಬೇಕು, ಹಸಿರು ಸೀರೆನೂ ಬರಬೇಕು. ಬೇರೆ ಬೇರೆ ಗುಂಪುಗಳ ನಡುವೆ 'ಮತ್ತು': ಬಣ್ಣ, ಬಟ್ಟೆ, ಬೆಲೆ ಮೂರೂ ಹೊಂದಬೇಕು. ಬಣ್ಣಗಳ ನಡುವೆಯೂ 'ಮತ್ತು' ಇಟ್ಟರೆ ಎರಡೂ ಬಣ್ಣ ಇರುವ ಸೀರೆ ಮಾತ್ರ ಬರುತ್ತೆ. ವೂಕಾಮರ್ಸ್‌ನಲ್ಲಿ ಅಂಗಡಿ ತೆರೆದವರು ಸೆಟ್ಟಿಂಗ್‌ನಲ್ಲೇ ಇದನ್ನು ಆರಿಸಬಹುದು.

ಎಡವಟ್ಟಾಗೋದು ಮಾಹಿತಿ ತುಂಬುವಾಗ. ಫೋಟೋದಲ್ಲಿ ಕೆಂಪು ಕಂಡರೂ 'ಬಣ್ಣ' ಕಾಲಂ ಖಾಲಿ ಬಿಟ್ಟರೆ ಆ ಸೀರೆ ಫಿಲ್ಟರ್‌ಗೆ ಸಿಗಲ್ಲ. ಒಂದು ಕಡೆ 'ಕಾಟನ್', ಇನ್ನೊಂದು ಕಡೆ 'ಹತ್ತಿ' ಅಂತ ಬರೆದರೆ ಕಂಪ್ಯೂಟರ್‌ಗೆ ಅವು ಎರಡು ಬೇರೆ ಬಟ್ಟೆ. ಗಿರಾಕಿ 'ಇಲ್ಲ' ಅಂದುಕೊಂಡು ಬೇರೆ ಸೈಟಿಗೆ ಹೋಗ್ತಾರೆ. ಗೋಡೌನ್‌ನಲ್ಲಿ ಮಾಲಿದ್ದೂ ವ್ಯಾಪಾರ ಕೈತಪ್ಪುತ್ತೆ.

ಅಂಗಡಿಯವರು ಮಾಡಬೇಕಾದ್ದು:

• ಎಲ್ಲ ಐಟಂಗೂ ಬಣ್ಣ, ಬಟ್ಟೆ, ಬೆಲೆ ತುಂಬಿ; ಒಂದಕ್ಕೆ ಒಂದೇ ಹೆಸರು ಬಳಸಿ.
• ಪ್ರತಿ ಟಿಕ್ ಪಕ್ಕ ಎಷ್ಟು ಐಟಂ ಇದೆ ಅಂತ ಸಂಖ್ಯೆ ತೋರಿಸಿ.
• ಗಿರಾಕಿ ಆರಿಸಿದ್ದೆಲ್ಲ ಮೇಲೆ ಕಾಣಲಿ, ಒಂದೊಂದನ್ನೇ ತೆಗೆಯಲೂ ಬರಲಿ.
• ಮೊಬೈಲ್‌ನಲ್ಲಿ ನೀವೇ ಒಮ್ಮೆ ಹುಡುಕಿ ನೋಡಿ.

ಗಿರಾಕಿಗಳಿಗೂ ಒಂದು ಮಾತು: ಏನೂ ಸಿಗದಿದ್ದರೆ ಎಲ್ಲ ಟಿಕ್ ಅಳಿಸಬೇಡಿ. ಒಂದನ್ನು ತೆಗೆದು ನೋಡಿ. ಬೇಕಾದ ಸೀರೆ ನೂರು ರೂಪಾಯಿ ಹೆಚ್ಚಿಗೆ ಅಲ್ಲೇ ಇರಬಹುದು.